ಇಪ್ಪತ್ತೆರಡು ಅಂದರೆ ಇಪ್ಪತ್ತೆರಡು

ಮನೆಯಿಂದ,
ಮಾರ್ಚ್ 9, ಭಾನುವಾರ

ಪ್ರೀತಿಯ ಯಜಮಾನರೇ,

ಸೊಂಟ ನೋವು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಇಡೀ ದಿನ ನಿಂತೇ ಇರಬೇಡಿ, ಒಂದು ಸ್ಟೂಲ್ ಎಳೆದುಕೊಳ್ಳಿ. ನಾವು ಚೆನ್ನಾಗಿದ್ದೇವೆ. ಮಗಳಿಗೆ ನೆಗಡಿ ವಾಸಿಯಾಯಿತು, ಬಾಯಿ ಮಾತ್ರ ಇನ್ನೂ ಆಗಿಲ್ಲ.

'ನನ್ನ ಎಲೆಕ್ಟ್ರಿಕ್ ಗಿಟಾರ್ ಮಾರಿಬಿಡು, ಬಂದಷ್ಟು ನಿನಗೇ' ಅಂತ ಬರೆದಿದ್ದಿರಲ್ಲ, ಮಾರಿಬಿಟ್ಟೆ ಕಣ್ರೀ! ಮೊದಲು ವಾದ್ಯದ ಅಂಗಡಿಗೆ ಹೊತ್ತುಕೊಂಡು ಹೋದೆ. ಆತ ಪೆಟ್ಟಿಗೆ ಪೂರ್ತಿ ತೆರೆಯದೆಯೇ 'ಹಳೇ ಮಾಲು ಅಮ್ಮಾ, ಏಳು ಸಾವಿರ' ಅಂದ. ನನ್ನ ಸ್ವಭಾವ ಗೊತ್ತಲ್ಲ, ಹೊಲಿಗೆಗೆ ಬಂದವರು ಎಷ್ಟಾಯಿತು ಅಂದರೆ 'ನೀವೇ ನೋಡಿ ಕೊಡಿ' ಅನ್ನುವವಳು. ಹೂಂ ಅನ್ನುವುದಕ್ಕೆ ಬಾಯಿ ತೆರೆದೂ ಬಿಟ್ಟಿದ್ದೆ. ಅಷ್ಟರಲ್ಲಿ ಅದೇ ಮಾದರಿಯ ಹಳೇ ಗಿಟಾರ್ ಅವನ ಗೋಡೆಯ ಮೇಲೇ ಕಂಡಿತು. ಚೀಟಿಯಲ್ಲಿ ಇಪ್ಪತ್ತೆಂಟು ಸಾವಿರ! ಮೈಯೆಲ್ಲ ಉರಿದುಹೋಯಿತು. ಪೆಟ್ಟಿಗೆ ಮುಚ್ಚಿ ಎದ್ದು ಬಂದೆ.

ಮಗಳ ಜೊತೆ ಕೂತು ಆನ್‌ಲೈನ್‌ನಲ್ಲಿ ಹುಡುಕಿದೆ. ಜನ ಕೇಳುವ ಬೆಲೆ ನೋಡಬಾರದು, ನಿಜವಾಗಿ ಮಾರಾಟವಾದ ಬೆಲೆ ನೋಡಬೇಕು ಅನ್ನುವುದು ಅವಳು ನನಗೆ ಹೇಳಿಕೊಟ್ಟ ಪಾಠ. ಹದಿನೆಂಟರಿಂದ ಇಪ್ಪತ್ತನಾಲ್ಕರವರೆಗೆ ಹೋಗಿತ್ತು. ಹೊಸ ತಂತಿ ಹಾಕಿಸಿ, ಒರೆಸಿ, ಕಿಟಕಿ ಬೆಳಕಲ್ಲಿ ಫೋಟೊ ತೆಗೆದೆ. ಹಿಂಬದಿಯ ಗೀರು, ವಾಲ್ಯೂಮ್ ತಿರುಗಿಸಿದರೆ ಬರುವ ಕರಕರ ಸದ್ದು, ಯಾವುದನ್ನೂ ಮುಚ್ಚಿಡದೆ ಬರೆದು ಇಪ್ಪತ್ತೆರಡು ಸಾವಿರ ಅಂತ ಹಾಕಿದೆ. 'ಲಾಸ್ಟ್ ಪ್ರೈಸ್?' ಅಂದವರೇ ಹದಿನಾಲ್ಕು ಜನ. ಒಬ್ಬನಂತೂ ಹಳೇ ಸೈಕಲ್ ಕೊಡ್ತೀನಿ, ಬದಲಾಯಿಸ್ಕೊಳ್ಳೋಣವಾ ಅಂದ!

ನಿನ್ನೆ ಒಬ್ಬರು ಸಂಗೀತದ ಟೀಚರ್ ತಮ್ಮ ಆಂಪ್ಲಿಫೈಯರ್ ಸಮೇತ ಬಂದರು. ಅರ್ಧ ಗಂಟೆ ನುಡಿಸಿದರು, ಕಿಟಕಿ ಗಾಜೆಲ್ಲ ಗಡಗಡ. ಆಮೇಲೆ 'ಕರಕರ ಅನ್ನುತ್ತಲ್ಲಾ, ಹದಿನೈದಕ್ಕೆ ಕೊಡಿ' ಅಂದರು. 'ಅದನ್ನ ಬರೆದಿದ್ದೀನಿ ಮೇಡಂ. ಅದರ ಲೆಕ್ಕ ಕಳೆದೇ ಬೆಲೆ ಹಾಕಿರೋದು' ಅಂದು ಸುಮ್ಮನೆ ಕೂತೆ. ಹಾಗೆ ಸುಮ್ಮನೆ ಕೂರುವುದು ಎಷ್ಟು ಕಷ್ಟ ಗೊತ್ತಾ? ಆದರೆ ಅವರು ಗಿಟಾರ್ ಕೆಳಗಿಡಲೇ ಇಲ್ಲ, ನಾನು ನೋಡುತ್ತಲೇ ಇದ್ದೆ. ಇನ್ನೊಂದು ಸಲ ನುಡಿಸಿದರು, ನಕ್ಕರು, ಪೂರ್ತಿ ಇಪ್ಪತ್ತೆರಡು ಎಣಿಸಿ ಕೊಟ್ಟರು. ಅವರು ಮೆಟ್ಟಿಲು ಇಳಿದದ್ದೇ ತಡ, ಅಮ್ಮ ಮಗಳು ಇಬ್ಬರೂ ಕುಣಿದುಬಿಟ್ಟೆವು!

ಎಲ್ಲರಿಗೂ ಬಡಿಸುವ ಭರದಲ್ಲಿ ನಿಮ್ಮ ಊಟ ಮರೆಯಬೇಡಿ. ಮಗಳು ಮುತ್ತು ಕಳಿಸಿದ್ದಾಳೆ.

ಇತಿ ನಿಮ್ಮ
ಟೈಲರಮ್ಮ

ಲಕೋಟೆ ಅಂಟಿಸುವ ಮೊದಲು ಇನ್ನೊಂದು ಮಾತು: ಬೀದಿ ಮೂಲೆಯ ಖಾಲಿ ಮಳಿಗೆಗೆ ಬೆಳಿಗ್ಗೆ ಆ ದುಡ್ಡನ್ನೇ ಮುಂಗಡ ಕೊಟ್ಟು ಬಂದೆ. ನಾಳೆಯಿಂದ ನನ್ನ ಮೆಷಿನ್ ಅಲ್ಲಿ. ನಿಮ್ಮನ್ನು ಕೇಳದೆ ಮಾಡಿದ ಮೊದಲ ಕೆಲಸ ಇದು. ಬೈಯುವುದಿದ್ದರೆ ರಜೆಗೆ ಬಂದಾಗ ನನ್ನ ಅಂಗಡಿಯಲ್ಲೇ ಕೂತು ಬೈಯಿರಿ, ಕುರ್ಚಿ ಹಾಕಿಸಿರುತ್ತೇನೆ.