ಹೂಮಳೆಗೆ ಮುಂಚಿನ ಹೂವು

೧೪ ಮಾರ್ಚ್ ೨೦೦೪, ಭಾನುವಾರ

ಮಾರನಹಳ್ಳಿ ಕಡೆಯ ಗುಡ್ಡದ ಬೆಂಕಿ ಇನ್ನೂ ಪೂರ್ತಿ ಆರಿಲ್ಲ. ದನಕ್ಕೆ ಹೊಸ ಹುಲ್ಲು ಚಿಗುರಲಿ ಅಂತ ಯಾರೋ ಪುಣ್ಯಾತ್ಮರು ಹಚ್ಚಿದ್ದಂತೆ. ಗಾಳಿ ಯಾವ ಕಡೆಗಿದೆ ಅಂತ ನೋಡಬಾರದಿತ್ತೇ? ಹಸಿ ಸೊಪ್ಪು ಹಿಡಿದು ಬೆಂಕಿ ಬಡಿಯಲು ಹೋಗಿದ್ದ ನಮ್ಮ ಮನೆಯವರು ತಟ್ಟೆಯ ಮುಂದೆಯೇ ತೂಕಡಿಸಿದರು.

ಬೆಳಿಗ್ಗೆ ಕಾಫಿ ಗಿಡಗಳ ಮೇಲೆಲ್ಲ ಬೂದಿ ಬಿದ್ದು ಬೆಳ್ಳಗಾಗಿತ್ತು. ಕಾಫಿ ಹೂ ಅರಳಿಸುವ ಹೂಮಳೆ ಈ ವರ್ಷ ಇನ್ನೂ ಬಿದ್ದಿಲ್ಲ. ಅತ್ತೆಗೆ ಕಣ್ಣಿನ ಪೊರೆ. "ಹೂಮಳೆ ಯಾವಾಗ ಹುಯ್ತೇ? ತೋಟ್ವೆಲ್ಲ ಹೂವಾಗ್ಬುಟ್ಟೈತೆ!" ಅಂದರು. ಅವರ ಖುಷಿ ನೋಡಿ ನಾನೂ ಹೂಂ ಅಂದುಬಿಟ್ಟೆ.

ಸಂಜೆ ಕೋಲೂರಿಕೊಂಡು ತೋಟಕ್ಕೆ ಹೋಗಿಬಂದವರು, ಬೂದಿ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡರು. ನನ್ನನ್ನು ಬೈಯಲಿಲ್ಲ.

"ಒಂದು ಮಳೆ ಹುಯ್ಲಿ ಬುಡು. ಈ ಹೂ ತೊಳ್ದೋಗಿ ಆ ಹೂ ಬತ್ತದೆ."