ಅಳತೆ ತಪ್ಪಿದ ತೋರಣ

ಗುಬ್ಬಿ
18-2-2025

ಚಿ. ಸೌ. ಭೂಮಿಕಾಳಿಗೆ ನಿನ್ನ ಗಂಗತ್ತೆ ಮಾಡುವ ಆಶೀರ್ವಾದಗಳು.

ನೀನೂ ನಿನ್ನ ಯಜಮಾನರು ಪ್ರಭುದೇವರೂ ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ನಾನು ಗಟ್ಟಿಯಾಗಿದ್ದೇನೆ, ಮಂಡಿ ಮಾತ್ರ ತನ್ನ ಪಾಡಿಗೆ ಗೊಣಗುತ್ತಿರುತ್ತದೆ. ಗೃಹಪ್ರವೇಶ ಮುಗಿದು ಹನ್ನೆರಡು ದಿನವಾಯಿತು. ನೀನು ನಾಲ್ಕು ಸಲ ಫೋನ್ ಮಾಡಿದೆ, ನಾನು ಎತ್ತಲಿಲ್ಲ. ತಪ್ಪಾಯಿತು ಕಣೇ. ಫೋನಿನಲ್ಲಿ ಹೇಳೋಣವೆಂದರೆ ಅಳು ಬರುತ್ತದೆ, ವಾಟ್ಸಾಪಿನಲ್ಲಿ ಒತ್ತೋಣವೆಂದರೆ ಒಂದು ಅಕ್ಷರಕ್ಕೆ ಇನ್ನೊಂದು ಬೀಳುತ್ತದೆ. ಅದಕ್ಕೇ ಕಾಗದ. ಪೋಸ್ಟಾಫೀಸಿನಲ್ಲಿ ಕವರ್ ಕೇಳಿದರೆ ಅಲ್ಲಿನ ಹುಡುಗಿ, "ಯಾರಿಗ್ ಆಂಟಿ, ಕೋರ್ಟಿಗಾ?" ಅಂದಳು.

ಮನೆ ಬಲು ಚೆನ್ನಾಗಿದೆ. ತುಮಕೂರಿನ ಹೊಸ ಮನೆಗಳೆಲ್ಲ ಬಟ್ಟೆ ಅಂಗಡಿ ಥರ ಇರುತ್ತವೆ, ನಿನ್ನದು ಹಾಗಿಲ್ಲ. ನಿನ್ನಜ್ಜಿ ಸಂತೆಗೆ ಒಯ್ಯುತ್ತಿದ್ದ ವೈರ್ ಬುಟ್ಟಿಯೊಳಗೆ ಮನಿಪ್ಲಾಂಟ್! ಆ ಬುಟ್ಟಿಗೆ ಬದನೆಕಾಯಿ ಬಿಟ್ಟು ಬೇರೆ ಗೊತ್ತೇ ಇರಲಿಲ್ಲ. ರೇಡಿಯೊ ಮೇಲೆ ಹೊದಿಸುತ್ತಿದ್ದ ಕ್ರೋಶಾ ಬಟ್ಟೆಗೆ ಗಾಜು ಹಾಕಿಸಿ ಗೋಡೆಗೆ ಏರಿಸಿದ್ದೀಯ. ಅಮ್ಮ ಇದ್ದಿದ್ದರೆ, "ಒಗ್ದಾದ್ರೂ ಹಾಕ್‌ಬಾರ್ದಾಗಿತ್ತಾ" ಅಂತ ಬೈದು, ಆಮೇಲೆ ಅಕ್ಕಪಕ್ಕದವರನ್ನೆಲ್ಲ ಕರೆದು ತೋರಿಸುತ್ತಿದ್ದಳು. ನನಗೂ ಕಣ್ಣು ತುಂಬಿತು.

ಪ್ರತಿಯೊಂದರ ಕೆಳಗೂ ಚಿಕ್ಕ ಚೀಟಿ ಅಂಟಿಸಿದ್ದೀಯಲ್ಲ, ಅದನ್ನೂ ಒಂದೊಂದಾಗಿ ಓದಿಕೊಂಡು ಬಂದೆ. ಸೋಫಾದ ಮೇಲುಗಡೆ ಗೋಡೆಗೆ ಹಾಕಿರುವ ಮಣಿ ತೋರಣದ ಹತ್ತಿರ ನಿಂತುಬಿಟ್ಟೆ. "ಕೊಲ್ಲಾಪುರಮ್ಮನವರ ಅಳತೆ ತಪ್ಪಿದ ತೋರಣ, 1983." ನಿನ್ನ ಗಂಡನ ಕಡೆಯವರು ಓದಿ ನಗುತ್ತಿದ್ದರು. ನಿಮ್ಮಪ್ಪ ಬಸವರಾಜು ಬೇರೆ, "ನಮ್ಮವ್ವಂಗೆ ಅಳತೇನೇ ಬರ್ತಿರ್ಲಿಲ್ಲ. ಬಾಗ್ಲು ಮೂರಡಿ, ತೋರಣ ಐದಡಿ!" ಅಂತ ಕತೆ ಶುರು ಮಾಡಿದ. ನಾನು ಬಸ್ಸಿಗೆ ಹೊತ್ತಾಯಿತು ಅಂತ ಸುಳ್ಳು ಹೇಳಿ ಊಟ ಮಾಡದೆ ಹೊರಟುಬಂದೆ. ಹೋಳಿಗೆ ಕಟ್ಟಿಕೊಡುತ್ತೇನೆ ಅಂತ ನೀನು ಮೆಟ್ಟಿಲವರೆಗೂ ಓಡಿಬಂದೆ, ತಿರುಗಿ ನೋಡಲಿಲ್ಲ.

ನಿನ್ನ ಮೇಲೆ ಕೋಪವಿಲ್ಲ. ನಮ್ಮನೆಯಲ್ಲಿ ಯಾರು ಅನ್ನಕ್ಕೆ ಅಕ್ಕಿ ಜಾಸ್ತಿ ಇಟ್ಟರೂ "ಅಜ್ಜಿ ಅಳತೆ" ಅಂತ ನಗುವುದನ್ನೇ ನೀನು ಕೇಳಿಕೊಂಡು ಬೆಳೆದವಳು. ಆದರೆ ಒಂದು ಯೋಚನೆ ಮಾಡು. ನಮ್ಮ ಬೀದಿಯ ಹೆಂಗಸರ ರವಿಕೆಗಳನ್ನೆಲ್ಲ ನಿನ್ನಜ್ಜಿ ಟೇಪು ಹಿಡಿಯದೆ, ಬರೀ ಕಣ್ಣಳತೆಯಲ್ಲಿ ಕತ್ತರಿಸುತ್ತಿದ್ದಳು. ಒಂದೇ ಒಂದು ರವಿಕೆ ವಾಪಸ್ ಬಂದಿದ್ದಿಲ್ಲ. ಅಂಥವಳು ತನ್ನ ಬಾಗಿಲಿಗೇ ಎರಡಡಿ ತಪ್ಪುತ್ತಾಳೇನೇ?

ತೋರಣ ಅಲ್ಲೇ ಇರಲಿ. ಚೀಟಿ ಮಾತ್ರ ತೆಗೆದುಬಿಡು. ಅದನ್ನು ಕೇಳುವುದಕ್ಕೇ ಇಷ್ಟು ಬರೆದೆ.

ಪ್ರಭುದೇವರಿಗೆ ನನ್ನ ಆಶೀರ್ವಾದ ತಿಳಿಸು. ಹೊಸ ಮನೆ, ಒಲೆ ಆರದ ಹಾಗೆ, ಬಂದವರು ಉಂಡು ಹೋಗುವ ಹಾಗೆ ಇರಲಿ. ಶಿವ ನಿಮ್ಮಿಬ್ಬರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ
ಗಂಗತ್ತೆ

ತಾ.ಕ.: ಕವರ್ ಅಂಟಿಸಲು ಹೋದವಳು ಮತ್ತೆ ಬಿಚ್ಚಿದೆ. ಕಾರಣ ಹೇಳದೆ ಕೇಳಿದರೆ ನೀನು ತೆಗೆದರೂ ಒಳಗೊಳಗೇ ನಗುತ್ತೀಯ.

ಆ ತೋರಣ ಕುಣಿಗಲ್ಲಿನ ಒಂದು ಮನೆಯ ಬಾಗಿಲಿನದು. ನನ್ನನ್ನು ಅಲ್ಲಿಗೆ ಕೊಡುವುದೆಂದು ಮಾತಾಗಿತ್ತು. ಮನೆ ನೋಡಲು ಹೋದ ದಿನ ಅಮ್ಮ ಯಾರಿಗೂ ಕಾಣದ ಹಾಗೆ ಹೂವಿನ ದಾರದಲ್ಲಿ ಆ ಜೋಡಿ ಬಾಗಿಲಿನ ಅಗಲ ಹಿಡಿದು, ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ನಾಲ್ಕು ತಿಂಗಳು ಕೂತು ಗಿಳಿ, ಹೂವು, ಕಳಶ ಎಲ್ಲ ಪೋಣಿಸಿದಳು. ಲಗ್ನಕ್ಕೆ ಎಂಟು ದಿನವಿರುವಾಗ ಅವರು ಬೇರೆ ಕಡೆ ಹೆಣ್ಣು ಗೊತ್ತು ಮಾಡಿಕೊಂಡರು. ಆಮೇಲೆ ಯಾವ ಮದುವೆಗೂ ನಾನು ಒಪ್ಪಲಿಲ್ಲ.

ನಾನು ದಿನಾ ಪೆಟ್ಟಿಗೆ ತೆಗೆದು ತೋರಣ ನೋಡುವುದು ಅಮ್ಮನಿಗೆ ಗೊತ್ತಾಯಿತು. ಒಂದು ಬೆಳಿಗ್ಗೆ ಅದನ್ನು ತಂದು ನಮ್ಮ ಬಾಗಿಲಿಗೇ ಕಟ್ಟಿಬಿಟ್ಟಳು. ಎರಡೂ ಕಡೆ ಒಂದೊಂದಡಿ ಜೋತಾಡುತ್ತಿತ್ತು. ಹಾಸ್ಟೆಲಿನಿಂದ ರಜಕ್ಕೆ ಬಂದ ನಿಮ್ಮಪ್ಪ, "ಇದೇನವ್ವಾ ಇಷ್ಟುದ್ದ?" ಅಂದ. ಹದಿನಾಲ್ಕು ವರ್ಷದ ಹುಡುಗ, ಅವನಿಗೇನು ಗೊತ್ತು. ಅಮ್ಮ ನನ್ನ ಮುಖ ನೋಡಿದಳು. "ಅಳತೆ ತಪ್‌ಬುಟ್ಟೆ ಕಣ್ಲಾ" ಅಂದಳು.

ಅವತ್ತಿನಿಂದ ಸಾಯುವವರೆಗೆ ಅವಳನ್ನು ಎಲ್ಲರೂ ಆಡಿಕೊಂಡು ನಕ್ಕರು. ನಾನೂ ನಕ್ಕೆ ಭೂಮಿ, ಅವಳ ಎದುರಿಗೇ.

ಈ ಕಾಗದವನ್ನು ನಿಮ್ಮಪ್ಪನಿಗೆ ನೀನೇ ಓದಿ ಹೇಳು. ನಲವತ್ತೆರಡು ವರ್ಷವಾಯಿತು, ಈ ಮಾತು ನನ್ನ ಬಾಯಿಂದ ಇನ್ನೂ ಬಂದಿಲ್ಲ.