ಎರಡೂ ಕಡೆ ಚಿಲಕ

ನವೆಂಬರ್ 10, ರವಿವಾರ

ಮತ್ತೆ ಮಮದಾಪುರದ ಬಸ್ಸು. ಸೀಟಿಲ್ಲ. ಹಾಳೆಯ ಸುರುಳಿ, ಟೇಪು, ಚೀಲ ಎಲ್ಲಾ ಎದೆಗೆ ಅವುಚಿಕೊಂಡು ನಿಂತೇ ಹೋದೆ. ಮೂಡಲಗಿ ಕಡೆಯ ಮನೆಗಳು ಮುಗಿದವು, ಹುಕ್ಕೇರಿಯವೂ. ಹಳೇ ಮನೆಗಳ ನಕ್ಷೆಯ ನನ್ನ ಥೀಸಿಸ್‌ಗೆ ಇನ್ನು ಇದೊಂದೇ ಮನೆ ಬಾಕಿ. ಅದಕ್ಕೇ ನಿಧಾನ ಮಾಡುತ್ತಿದ್ದೇನೆ, ಖರೆ ಹೇಳಬೇಕೆಂದರೆ. ಮುಗಿದರೆ ರವಿವಾರ ಎಲ್ಲಿಗೆ ಹೋಗಲಿ.

ಭರಮವ್ವನ ಮನೆ. ಮಣ್ಣಿನ ಮಾಳಿಗೆ, ನಡುವೆ ದೊಡ್ಡ ಪಡಸಾಲೆ, ಅದರ ನೆತ್ತಿಗೆ ಬೆಳಕಿಂಡಿ. ಒಂದು ಬದಿಯ ಕೋಣೆಯಲ್ಲಿ ಹಿರಿಯ ಮಗ ಮಾಳಪ್ಪ, ಅವನ ಹೆಂಡತಿ ಸಾವಂತ್ರೆವ್ವ, ಅವರ ಇಬ್ಬರು ಮಕ್ಕಳು. ಎದುರಿನ ಕೋಣೆಯಲ್ಲಿ ಕಿರಿಯ ಶಿವಪುತ್ರ, ಅವನ ಹೆಂಡತಿ ಮೇಘಾ. ಒಂದೇ ಒಲೆ. ಬೆಳಕಿಂಡಿಯ ಬಿಸಿಲಿನ ಚೌಕ ಮುಂಜಾನೆ ಒಬ್ಬರ ಬಾಗಿಲಿಗೆ, ಸಂಜೆ ಇನ್ನೊಬ್ಬರ ಬಾಗಿಲಿಗೆ. ನನ್ನ ಮೂರನೇ ಅಧ್ಯಾಯವೆಲ್ಲ ಆ ಚೌಕದ ಬೆನ್ನು ಹತ್ತಿದ್ದೇ.

ಮೇಘಾ ಟೇಪಿನ ಆ ತುದಿ ಹಿಡಿದಿದ್ದಳು. ಬಾಜೂ ಮನೆಯ ಗುಡ್ಡಪ್ಪ ಕಟ್ಟೆಯಿಂದ ಇಣುಕಿದ.

"ಏನ್ ಭರಮವ್ವಾ, ಒಳಗ ಟೇಪ್ ಬಿಚ್ಚಿಸೀದಿ. ವಾಟ್ನಿ ಯಾವಾಗ?"

ಎಲ್ಲರೂ ನಕ್ಕರು. ಇಲ್ಲಿ ಮನೆಯೊಳಗೆ ಟೇಪು ಬಿಚ್ಚುವುದು ಅಣ್ಣ ತಮ್ಮಂದಿರು ಪಾಲಾಗುವಾಗ ಮಾತ್ರ. ಅದಕ್ಕೇ ವಾಟ್ನಿಯ ಮಾತು. ಭರಮವ್ವ ನಗಲಿಲ್ಲ.

"ಇನ್ನ ಅದನ್ನ ಸುತ್ತಿ ಇಡ ಯವ್ವಾ. ಸಂಜಿ ಆತು."

ಸುತ್ತಿಟ್ಟೆ. ಇನ್ನೂ ನಾಲ್ಕು ಗಂಟೆ ಕೂಡ ಆಗಿರಲಿಲ್ಲ.

ನವೆಂಬರ್ 17

ಇವತ್ತು ಚಹಾ ಸ್ಟೀಲ್ ಲೋಟದಲ್ಲಿ ಬಂತು! ಇಷ್ಟು ದಿನ ಕಪ್ಪು-ಬಸಿ. ಪಾವಣ್ಯಾರಿಗೆ, ಅಂದರೆ ಬಂದುಹೋಗುವ ನೆಂಟರಿಗೆ, ಕಪ್ಪು-ಬಸಿ. ಮನೆಯವರಿಗೆ ಲೋಟ. ಸಾವಂತ್ರೆವ್ವ ಮಾತಾಡುತ್ತಾ ಲಕ್ಷ್ಯವಿಲ್ಲದೆ ಕೊಟ್ಟುಬಿಟ್ಟಳು. ಲೋಟ ಸುಡುತ್ತಿತ್ತು, ಸೆರಗಿನಲ್ಲಿ ಹಿಡಿದು ಕುಡಿದೆ. ಇಷ್ಟು ಸಣ್ಣದಕ್ಕೆ ಇಷ್ಟು ಖುಷಿ ಪಡುವ ಹೆಂಗಸಾಗಿದ್ದೇನೆ.

ಒಲೆಯ ಮುಂದೆಯೇ ರೊಟ್ಟಿ. ಭರಮವ್ವ ಕೇಳಿದಳು, "ನಿಮ್ಮ ಮನಿಯಾಗ ಯಾರ್ಯಾರ ಅದಾರ ಜೀನತಾ?"

"ತಮ್ಮ ಅದಾನ್ರಿ ಆಯಿ, ಹುಕ್ಕೇರಿಯಾಗ. ಫಯಾಜ ಅಂತ."

"ಮತ್ತ ನೀ ಗೋಕಾಕದಾಗ ಒಬ್ಬಾಕಿನ?"

"ಹೂಂನ್ರಿ. ಕಾಲೇಜ್ ಐತೆಲ್ರಿ."

ಕಾಲೇಜು ಒಂದು ನೆಪ. ಗೆಸ್ಟ್ ಲೆಕ್ಚರರ್, ಚಿತ್ರಕಲೆಗೆ. ಹುಕ್ಕೇರಿಯಿಂದ ದಿನಾ ಓಡಾಡುವವರಿದ್ದಾರೆ. ಅಬ್ಬಾ ಹೋದ ಮೇಲೆ ಫಯಾಜ ನನ್ನ ಕೋಣೆಯನ್ನು ಅಂಗಡಿಯ ಗೋದಾಮು ಮಾಡಿಕೊಂಡ. ಅಡುಗೆಮನೆಯಿಂದ ಅಲ್ಲಿಗಿದ್ದ ಬಾಗಿಲು ಮುಚ್ಚಿಸಿ ಬೀದಿ ಕಡೆ ಶಟರ್ ಇಡಿಸಿದ. ನನ್ನನ್ನು ಕೇಳಲಿಲ್ಲ. ನಾನೂ ಜಗಳಾಡಲಿಲ್ಲ, ಗೋಕಾಕದಲ್ಲಿ ರೂಮ್ ಹಿಡಿದೆ.

ಭರಮವ್ವ ಇನ್ನೊಂದು ರೊಟ್ಟಿ ಹಾಕಿದಳು.

ನವೆಂಬರ್ 21, ಸಂಜೆ 7

ನಕ್ಷೆಗೆ ಇಂಕ್ ಮಾಡಿದೆ. ಚೆನ್ನಾಗಿ ಬಂದಿದೆ. ತೋರಿಸಲು ಯಾರೂ ಇಲ್ಲ — ಕೆಳಗೆ ಬೇಕರಿಯ ಹಣಮಂತನಿಗೆ ತೋರಿಸಿದೆ. "ಭಾರಿ ಐತ್ರಿ" ಅಂದ, ತಲೆಕೆಳಗೆ ಹಿಡಿದು.

ಡಿಸೆಂಬರ್ 1

ಮಮದಾಪುರಕ್ಕೆ ನಕ್ಷೆ ಒಯ್ದೆ. ಒಯ್ಯಬಾರದಿತ್ತು.

ಪಡಸಾಲೆಯಲ್ಲಿ ಹಾಸಿದೆ. ಎಲ್ಲರೂ ಬಗ್ಗಿ ಬಗ್ಗಿ ನೋಡಿದರು. ಇದು ಒಲೆ, ಇದು ದೇವರ ಜಗುಲಿ, ಇದು ಆಯಿ ಮಲಗುವ ಜಾಗ... ಮೇಘಾ ಒಂದು ಕಡೆ ಬೆರಳಿಟ್ಟಳು.

"ಅಕ್ಕೋರ, ಇದು ನಮ್ಮ ಖೋಲಿ ಏನ್ರಿ?"

"ಹೌದು."

"ಇದು ಅವರದು?"

"ಹೂಂ."

"ಇಷ್ಟ ಫರಕ ಐತಿ?"

ಹಾಳೆಯ ಮೇಲೆ ಹಾಗೆ ಕಾಣುತ್ತದೆ ಅಂದೆ. ಎಂಥಾ ಸುಳ್ಳು. ಸ್ಕೇಲಿಗೆ ಬರೆದ ನಕ್ಷೆ, ಗೆರೆ ಗೆರೆಯೂ ಖರೆ.

ಸಾವಂತ್ರೆವ್ವ ಒಳಗಿನಿಂದಲೇ, "ನಾಕ ಮಂದಿ ಮಲಗೂ ಖೋಲಿ ಅದು. ಇಬ್ಬರಿಗೆ ಎಷ್ಟ ಬೇಕು?" ಅಂದಳು.

ಮೇಘಾ ಮದುವೆಯಾಗಿ ಬಂದಾಗಿನಿಂದ ಆ ಕೋಣೆಯಲ್ಲಿ ಆರಾಮಾಗಿಯೇ ಇದ್ದಳು. ಇವತ್ತು ಅದು ಸಣ್ಣದಾಯಿತು. ಶಿವಪುತ್ರ ಹಾಳೆಯ ಮೇಲೆ ಗೇಣು ಇಟ್ಟು ನೋಡಿದ.

ಡಿಸೆಂಬರ್ 22

ಒಲೆ ಎರಡಾಗಿವೆ. ಮೇಘಾ ತನ್ನ ಬಾಗಿಲ ಬಾಜೂ ಗ್ಯಾಸ್ ಇಟ್ಟುಕೊಂಡಿದ್ದಾಳೆ. ನನ್ನ ಜೊತೆ ಇಬ್ಬರೂ ಚೆನ್ನಾಗಿ ಮಾತಾಡುತ್ತಾರೆ, ಬೇರೆ ಬೇರೆ.

"ನಿಮ್ಮ ಟೇಪಿಂದ ಆತು ಅಂತ ತಿಳೀಬ್ಯಾಡ್ರಿ" ಅಂದ ಮಾಳಪ್ಪ. "ಒಳಗ ಇತ್ತ, ಹೊರಗ ಬಿತ್ತು."

ಸಮಾಧಾನಕ್ಕೆ ಹೇಳಿದ್ದು. ಒಳ್ಳೆಯ ಮನುಷ್ಯ. ನನಗೆ ಸಮಾಧಾನ ಆಗಲಿಲ್ಲ.

ಬರುವಾಗ ಬಸ್‌ಸ್ಟ್ಯಾಂಡಿನಿಂದ ಗೈಡ್ ಸರ್‌ಗೆ ಫೋನ್ ಮಾಡಿದೆ. "ವೆರಿ ಗುಡ್" ಅಂದರು. "ಬದಲಾವಣೆ ನಿಮ್ಮ ಕಣ್ಣ ಮುಂದೆಯೇ ನಡೀತಿದೆ. ಡಾಕ್ಯುಮೆಂಟ್ ಮಾಡಿ. ಒಂದು ಹೊಸ ಚಾಪ್ಟರ್ ಆಗುತ್ತೆ."

ಫೋನ್ ಇಟ್ಟ ಮೇಲೆ ಅವರನ್ನು ಮನಸಾರೆ ಬೈದೆ. ಬಾಜೂ ನಿಂತ ಹೆಂಗಸು ಆ ಕಡೆ ಸರಿದಳು.

ಜನವರಿ 12

ಅಣ್ಣ ತಮ್ಮ ಇಬ್ಬರೂ ಕೂಡಿಯೇ ಕೇಳಿದರು. ಎಷ್ಟೋ ದಿನಗಳ ಮೇಲೆ ಅವರು ಕೂಡಿ ಮಾಡಿದ ಕೆಲಸ ಇದೇ.

"ಪಂಚರನ್ನ ಕರದ್ರ ಊರೆಲ್ಲಾ ಬಂದು ಕುಂದರ್ತೈತಿ" ಅಂದ ಮಾಳಪ್ಪ. "ನಿಮ್ಮ ನಕಾಶಿ ಮ್ಯಾಲ ನೀವ ಒಂದ ಗೆರಿ ಹೊಡದ ಕೊಡ್ರಿ ಅಕ್ಕೋರ. ಇಬ್ಬರೂ ಒಪ್ಕೋತೇವಿ."

"ನನಗ ಆಗೂದಿಲ್ರಿ."

"ನೀವು ಯಾರ ಕಡೀನೂ ಅಲ್ಲೆಲ್ರಿ" ಅಂದ ಶಿವಪುತ್ರ. "ಹೊರಗಿನವರು. ಅದಕ್ಕ."

ಹೊರಗಿನವರು. ಅವನು ಮರ್ಯಾದೆಯಿಂದಲೇ ಅಂದದ್ದು.

ಭರಮವ್ವನ ಮುಖ ನೋಡಿದೆ. ಬೇಡ ಅನ್ನಲಿ ಎಂದು. ಅವಳು ಬಿಸಿಲಿನ ಚೌಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ, "ಹೊಡದ ಕೊಡ ಯವ್ವಾ. ಬಡದಾಡೂದಕ್ಕಿಂತ ಛಲೋ" ಅಂದಳು.

ಹೊಡೆದೆ. ಪೆನ್ಸಿಲ್‌ನಲ್ಲಿ. ಬೆಳಕಿಂಡಿಯನ್ನು ಯಾರಿಗೂ ಪೂರ್ತಿ ಕೊಡದೆ, ಸರಿಯಾಗಿ ಅದರ ಕೆಳಗೆ. ಸಣ್ಣ ಕೋಣೆಯವರಿಗೆ ಪಡಸಾಲೆಯಲ್ಲಿ ಹೆಚ್ಚು ಕೊಟ್ಟು ಕೋಣೆಗಳ ಫರಕನ್ನು ತುಂಬಿಸಿದೆ. ನಡುವೆ ಒಂದು ಕಡೆ ಗೆರೆ ತುಂಡು ಮಾಡಿದೆ.

"ಇಲ್ಲೆ ಯಾಕ ಬಿಟ್ಟೀರಿ?"

"ಬಾಗಲಾ. ಆಯಿ ಆ ಕಡಿ ಈ ಕಡಿ ಅಡ್ಡಾಡಾಕ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಪ್ಪಿದರು. ನಾನು ಏನೋ ದೊಡ್ಡದು ಉಳಿಸಿದೆ ಅನ್ನಿಸಿತು. ಬಸ್ಸಿನಲ್ಲಿ ಸೀಟು ಸಿಕ್ಕಿತು ಕೂಡ. ಅರ್ಧ ದಾರಿಗೆ ಅಳು ಬಂತು.

ಮಾರ್ಚ್ 31, ಈದ್

ಇಷ್ಟು ದಿನ ಬರೆಯಲಿಲ್ಲ. ಮಮದಾಪುರಕ್ಕೂ ಹೋಗಲಿಲ್ಲ. ಪರೀಕ್ಷೆ, ಆಮೇಲೆ ರಂಜಾನಿನ ರೋಜಾ... ನೆಪಗಳಿಗೆ ಬರವಿಲ್ಲ.

ಮುಂಜಾನೆ ಫಯಾಜನ ಫೋನ್. "ಆಪಾ, ಬರ್ತಿ ಇಲ್ಲೋ? ಶಿರಕುರ್ಮಾ ತಗದ ಇಡಾಕ ಹೇಳೇನಿ."

"ಬರ್ತೇನಿ" ಅಂದೆ.

ಹೊಸ ಬಟ್ಟೆ ಹಾಕಿಕೊಂಡು ಬಸ್‌ಸ್ಟ್ಯಾಂಡಿಗೆ ಹೋದೆ. ಹುಕ್ಕೇರಿಯ ಬಸ್ಸು ಬಂತು. ಹೋದರೆ ನನ್ನನ್ನು ಸೋಫಾದ ಮೇಲೆ ಕೂರಿಸುತ್ತಾರೆ, ಹಬ್ಬದ ಪಾಯಸಕ್ಕೆ ಒಳ್ಳೆಯ ಬಟ್ಟಲು ತೆಗೆಯುತ್ತಾರೆ, ಫಯಾಜನ ಹೆಂಡತಿ ಫ್ಯಾನ್ ಹಾಕಲೇನ್ರಿ ಅನ್ನುತ್ತಾಳೆ. ಹತ್ತಲಿಲ್ಲ. ರೂಮಿಗೆ ಬಂದು ಅನ್ನ ಮಾಡಿಕೊಂಡೆ. ಮಧ್ಯಾಹ್ನ ಮತ್ತೆ ಫೋನ್ ಮಾಡಿದ. ಎತ್ತಲಿಲ್ಲ.

ಏಪ್ರಿಲ್ 13, ರವಿವಾರ

ಕಡೆಗೆ ಹೋದೆ. ಗೈಡ್‌ಗೆ 'ನಂತರದ ನಕ್ಷೆ' ಬೇಕಂತೆ.

ಗೋಡೆ ಎದ್ದಿದೆ. ಸಿಮೆಂಟ್ ಇಟ್ಟಂಗಿ, ಇನ್ನೂ ಗಿಲಾವ್ ಆಗಿಲ್ಲ. ಬಿಸಿಲಿನ ಚೌಕ ಗೋಡೆಗೆ ತಾಗಿ ಅಲ್ಲೇ ಮುರಿದು ಬೀಳುತ್ತದೆ. ನಾನು ತುಂಡು ಮಾಡಿದ ಜಾಗದಲ್ಲಿ ಬಾಗಿಲೂ ಇದೆ, ಮಾತಿಗೆ ತಪ್ಪಿಲ್ಲ. ತಗಡಿನ ಬಾಗಿಲು. ಈ ಕಡೆ ಒಂದು ಚಿಲಕ. ಆ ಕಡೆ ಹೋದೆ, ಬೀದಿ ಸುತ್ತಿ. ಆ ಕಡೆಯೂ ಒಂದು. ಎರಡೂ ಹಾಕಿದ್ದವು.

ಒಬ್ಬರು ತೆಗೆದರೂ ಇನ್ನೊಬ್ಬರು ತೆಗೆಯಬೇಕು. ಯಾರು ಮೊದಲು ತೆಗೆಯುವುದು ಎಂದು ಇಬ್ಬರೂ ತೆಗೆದಿಲ್ಲ.

ಮೇಘಾ ಚಹಾ ಕೊಟ್ಟಳು. ಸಾವಂತ್ರೆವ್ವನೂ ಕೊಟ್ಟಳು. ಎರಡೂ ಕಡೆ ಕಪ್ಪು-ಬಸಿ. ಒಂದರ ಅಂಚಿಗೆ ಗುಲಾಬಿ ಹೂವು, ಒಂದರದು ನೀಲಿ ಗೆರೆ. ಒಂದೇ ಸೆಟ್ಟಿನವಲ್ಲ. ಹಳೆಯ ಸೆಟ್ಟು ಒಬ್ಬರ ಪಾಲಿಗೆ ಹೋಗಿ ಇನ್ನೊಬ್ಬರು ಹೊಸದು ತಂದಿರಬೇಕು.

ಭರಮವ್ವನಿಗೆ ತಿಂಗಳ ಪಾಳಿ. ಈ ತಿಂಗಳು ಹಿರಿಯವನ ಕಡೆ. ಬಾಗಿಲಿಗೆ ಎದುರಾಗಿ ಕೂತಿದ್ದಳು. ನಾನು ಬಾಜೂ ಕೂತು, "ಬಾಗಲಾ ಆದ್ರೂ ಇಟ್ಟಾರಲ್ಲ ಆಯಿ" ಅಂದೆ. ಏನಾದರೂ ಅನ್ನಬೇಕಿತ್ತಲ್ಲ.

"ಗ್ವಾಡಿ ಅಷ್ಟ ಆಗಿದ್ರ ಮರತ ಬಿಡ್ತಿದ್ನಿ ಯವ್ವಾ" ಅಂದಳು. ಸಿಟ್ಟಿರಲಿಲ್ಲ. "ನೀ ಬಾಗಲಾ ಇಡಿಸಿದಿ. ಅದಕ್ಕ ದಿನಾ ನೋಡ್ಕೋತ ಕುಂದರ್ತೇನಿ."

ಟೇಪು ಚೀಲದಲ್ಲೇ ಉಳಿಯಿತು. ಕಣ್ಣಂದಾಜಿನಲ್ಲಿ ಬರೆದುಕೊಂಡು ಬಂದೆ.

ಅದೇ ದಿನ, ಸಂಜೆ 6:30

ನಂತರದ ನಕ್ಷೆ. ಗೋಡೆ ಬರೆದೆ. ಬಾಗಿಲಲ್ಲಿ ನಿಂತಿದೆ ಕೆಲಸ. ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಒಂದು ಕಮಾನು ಗೆರೆ ಎಳೆದು ತೋರಿಸಬೇಕು, ಅದು ರೂಢಿ. ಯಾವ ಕಡೆ ಎಳೆಯಲಿ? ಮಕ್ಕಳಿಗೆ ಇದನ್ನೇ ಕಲಿಸುತ್ತೇನೆ, ತಪ್ಪಿದರೆ ಮಾರ್ಕ್ಸ್ ಕಳೆಯುತ್ತೇನೆ. ಚಿಲಕಕ್ಕಂತೂ ನಕ್ಷೆಯಲ್ಲಿ ಗುರುತೇ ಇಲ್ಲ.

ಹುಕ್ಕೇರಿಯ ನಮ್ಮ ಮನೆಯ ನಕ್ಷೆ ಮಾತ್ರ ಯಾವತ್ತೂ ಬರೆಯಲಿಲ್ಲ. ಅಡುಗೆಮನೆಯಿಂದ ನನ್ನ ಕೋಣೆಗಿದ್ದ ಬಾಗಿಲು... ಒಳಗೆ ತೆರೆಯುತ್ತಿತ್ತೋ ಹೊರಗೋ? ಎಷ್ಟು ನೆನೆಸಿದರೂ ಬರುತ್ತಿಲ್ಲ. ಅದನ್ನು ಮುಚ್ಚಿಸಿದವನು ಅವನು. ಖರೆ. ಆದರೆ ಈದ್‌ಗೆ ಎರಡು ಸಲ ಫೋನಿನಲ್ಲಿ ಬಾಗಿಲು ಬಡಿದವನೂ ಅವನೇ.

ಫಯಾಜನಿಗೆ ಗೊತ್ತಿರುತ್ತದೆ. ಶಿರಕುರ್ಮಾದ ಮಾತು ಎತ್ತಬೇಕಿಲ್ಲ, ಬರಲಿಲ್ಲ ಯಾಕೆ ಎಂಬುದೂ ಬೇಡ. ಬಾಗಿಲದ್ದು ಅಷ್ಟೇ ಕೇಳುವುದು, ಥೀಸಿಸ್‌ಗೆ ಬೇಕು ಅಂತ.

ರಿಂಗ್ ಆಗುತ್ತಿದೆ. ಸ್ಪೀಕರ್‌ಗೆ ಹಾಕಿ ಬರೆಯುತ್ತಿದ್ದೇನೆ. ಎತ್ತಿದ. "ಆಪಾ?" ಅನ್ನುತ್ತಿದ್ದಾನೆ. "ಆಪಾ, ಕೇಳ್ಸಾಕತ್ತೈತಿ?"

ನಾನು ಪೆನ್ನು ಇಡುತ್ತೇನೆ.